ಕೊಡದ ಲೋಳೆ, ಚಿಟಿಕೆ ಸತು



ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಅನ್ನುವ ಮಾತು ನಮ್ಮ ರಾಯಚೂರು ಕಡೆ ಸಣ್ಣ ಹುಡುಗರ ಬಾಯಲ್ಲೂ ಇದೆ. ಮೇ ತಿಂಗಳ ಕೊನೆಗೆ ರೋಹಿಣಿ ಹೂಡುತ್ತದೆ. ಕಾದು ಕೆಂಡವಾದ ಎರೆಮಣ್ಣಿನ ಮೇಲೆ ಎರಡು ಹನಿ ಬಿದ್ದರೆ ಸಾಕು, ಮಾನ್ವಿಯ ಹಾದಿಯಲ್ಲಿ ನಿಂತವರಿಗೂ ದೇವದುರ್ಗದ ಗುಡ್ಡದಲ್ಲಿ ನಿಂತವರಿಗೂ ಅದೇ ವಾಸನೆ, ಅದೇ ಹಿಗ್ಗು. ನಾನೂ ಈ ನೆಲದವಳೇ, ಆ ಹಿಗ್ಗು ನನಗೂ ಗೊತ್ತು. ಆದರೆ ಸೂಕ್ಷ್ಮಜೀವಿಗಳ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ರೋಹಿಣಿ ಬಂತೆಂದರೆ ಹಿಗ್ಗಿನ ಜೊತೆ ಒಂದು ಅಂಜಿಕೆಯೂ ಬರುತ್ತದೆ.

2022ರ ಮೇ ಕೊನೆಯಲ್ಲಿ, ಜೂನ್ ಮೊದಲಲ್ಲಿ ರಾಯಚೂರು ನಗರದ ಹಲವು ಬಡಾವಣೆಗಳ ಜನ ನಳದ ನೀರು ಕುಡಿದು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಮರಳಲಿಲ್ಲ. ಮರುವರ್ಷ ಅದೇ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಊರಿಗೆ ಊರೇ ಹಾಸಿಗೆ ಹಿಡಿಯಿತು, ಒಂದು ಕೂಸು ತೀರಿಕೊಂಡಿತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಕೂತ ನಾಡು ನಮ್ಮದು. ನೀರು ಇಲ್ಲದೆ ಸತ್ತವರ ಕಥೆ ನಮ್ಮ ಹಿರಿಯರು ಹೇಳುತ್ತಿದ್ದರು. ನೀರು ಕುಡಿದು ಸತ್ತವರ ಕಥೆ ನಾವು ಹೇಳಬೇಕಾಗಿ ಬಂತಲ್ಲ ಎಂಬ ಸಂಕಟದಿಂದಲೇ ಇವತ್ತು ಈ ಧ್ವನಿವರ್ಧಕದ ಮುಂದೆ ಕೂತಿದ್ದೇನೆ.

ಒಂದು ಕೆಲಸ ಮಾಡಿ. ನಾಲ್ಕು ದಿನ ತಿಕ್ಕದೆ ಇಟ್ಟ ಪ್ಲಾಸ್ಟಿಕ್ ಕೊಡದೊಳಗೆ ಕೈ ಹಾಕಿ, ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಬೆರಳಿಗೆ ಮಾತ್ರ ಜಾರಿಕೆ ತಿಳಿಯುತ್ತದೆ. ಬೆಂಡೆಕಾಯಿ ಹೆಚ್ಚಿದ ಕೈಯಂತೆ ಲೋಳೆ ಲೋಳೆ. ನೀರು ಚೆಲ್ಲಿದರೆ ಅದು ಹೋಗುವುದಿಲ್ಲ, ತೊಳೆದರೂ ಹೋಗುವುದಿಲ್ಲ, ತೆಂಗಿನ ನಾರು ಹಾಕಿ ತಿಕ್ಕಿದಾಗಲೇ ಬಿಡುತ್ತದೆ. ವಿಜ್ಞಾನದ ಪುಸ್ತಕಗಳು ಇದನ್ನು ಬಯೋಫಿಲ್ಮ್ ಅನ್ನುತ್ತವೆ. ನಾನು ತರಗತಿಯಲ್ಲಿ ಲೋಳೆಗೂಡು ಅನ್ನುತ್ತೇನೆ, ಹುಡುಗರಿಗೆ ಬೇಗ ತಿಳಿಯುತ್ತದೆ.

ಯಾಕೆ ಗೂಡು? ಬ್ಯಾಕ್ಟೀರಿಯಾ ಅಂದಕೂಡಲೆ ನಮ್ಮ ಮನಸ್ಸಿಗೆ ಬರುವುದು ನೀರಿನಲ್ಲಿ ಒಂಟಿಯಾಗಿ ಈಜಾಡುವ ಚುಕ್ಕಿಗಳು. ಅವು ಹಾಗೆ ಒಂಟಿಯಾಗಿ ತಿರುಗುವುದು ಊರು ಹುಡುಕುವ ತನಕ ಮಾತ್ರ. ಒಂದು ಗೋಡೆ ಸಿಕ್ಕಿತೆಂದರೆ, ಅದು ಕೊಡದ ಗೋಡೆಯಾಗಲಿ, ಪೈಪಿನದಾಗಲಿ, ನಮ್ಮ ಕರುಳಿನದಾಗಲಿ, ಅಂಟಿ ಕೂರುತ್ತವೆ. ಕೂತ ಮೇಲೆ ತಮ್ಮ ಮೈಯಿಂದ ಸಕ್ಕರೆಯಂಥ, ಪ್ರೋಟೀನಿನಂಥ ಅಂಟು ಸುರಿಸಿ ಮೇಲೊಂದು ಚಾವಣಿ ಹಾಕಿಕೊಳ್ಳುತ್ತವೆ. ಹತ್ತಿರದವುಗಳಿಗೆ ರಾಸಾಯನಿಕಗಳ ಮೂಲಕ ಸುದ್ದಿ ಮುಟ್ಟಿಸುತ್ತವೆ. ಹೊರಗಿನವು ಚುರುಕಾಗಿ ಉಣ್ಣುತ್ತವೆ, ಒಳಗಿನವು ಅರೆನಿದ್ದೆಯಲ್ಲಿ ಇರುತ್ತವೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಗಸಿಯನ್ನು ಕೆರೆದು ಮಸೂರದ ಕೆಳಗಿಟ್ಟು ಜೀವಿಗಳನ್ನು ಕಂಡನಲ್ಲ, ಅವನು ಕಂಡದ್ದು ಇಂಥ ಗೂಡನ್ನೇ. ಆದರೂ ಮುಂದಿನ ಮೂರು ಶತಮಾನ ವಿಜ್ಞಾನಿಗಳು ಒಂಟಿ ರೋಗಾಣುವಿನ ಹಿಂದೆಯೇ ಬಿದ್ದಿದ್ದರು. ಕೆನಡಾದ ಬಿಲ್ ಕಾಸ್ಟರ್‌ಟನ್ ಮತ್ತು ಸಂಗಡಿಗರು 1978ರಲ್ಲಿ, ಬ್ಯಾಕ್ಟೀರಿಯಾ ಬಹುಪಾಲು ಬದುಕುವುದೇ ಹೀಗೆ ಅಂಟಿಕೊಂಡು ಎಂದು ಒತ್ತಿ ಹೇಳಿದ ಮೇಲೆ ನೋಟ ಬದಲಾಯಿತು.

ಗೂಡಿನೊಳಗೆ ಸೇರಿದ ರೋಗಾಣುವನ್ನು ಕೊಲ್ಲಲು ಬಯಲಲ್ಲಿ ಇರುವುದಕ್ಕಿಂತ ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಔಷಧ ಅಂಟಿನಲ್ಲಿ ಸಿಕ್ಕಿಬೀಳುತ್ತದೆ. ಒಳಗೆ ತಲುಪಿದರೂ ಅರೆನಿದ್ದೆಯಲ್ಲಿ ಇರುವ ಜೀವಿಗೆ ತಟ್ಟುವುದಿಲ್ಲ, ಯಾಕೆಂದರೆ ಹೆಚ್ಚಿನ ಆ್ಯಂಟಿಬಯಾಟಿಕ್‌ಗಳು ಹೊಡೆಯುವುದು ಬೆಳೆಯುತ್ತಿರುವ ಜೀವಿಯನ್ನು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಗೂಡಿನೊಳಗೆ ಮೈಗೆ ಮೈ ತಾಗಿ ಕೂತಿರುವುದರಿಂದ, ಔಷಧವನ್ನು ಸೋಲಿಸುವ ವಂಶವಾಹಿ ಒಂದರಲ್ಲಿದ್ದರೆ ಅದು ಪಕ್ಕದ ಜೀವಿಗೂ ದಾಟಿಬಿಡುತ್ತದೆ. ಜಾತಿ ಬೇರೆಯಾದರೂ ದಾಟುತ್ತದೆ.

ನಮ್ಮ ಕುಡಿಯುವ ನೀರಿನ ಪೈಪುಗಳೊಳಗೆ ಇಂಥ ಗೂಡುಗಳು ಇದ್ದೇ ಇರುತ್ತವೆ. ಬೆಂಗಳೂರಿನ ಪೈಪಿನಲ್ಲೂ ಇವೆ, ಲಂಡನ್ನಿನ ಪೈಪಿನಲ್ಲೂ ಇವೆ. ತೊಂದರೆ ಎಲ್ಲಿ ಅಂದರೆ, ನಮ್ಮಲ್ಲಿ ನಳ ಬರುವುದು ದಿನ ಬಿಟ್ಟು ದಿನ, ಕೆಲವು ಓಣಿಗಳಿಗೆ ಮೂರು ನಾಲ್ಕು ದಿನಕ್ಕೊಮ್ಮೆ. ನೀರು ನಿಂತಾಗ ಪೈಪು ಬರಿದಾಗುತ್ತದೆ. ಬರಿದಾದ ಪೈಪು ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿಂದ ಹೊರಗಿನದನ್ನು ಹೀರುತ್ತದೆ. ಬಹಳ ಕಡೆ ಪೈಪು ಹಾಯುವುದು ಚರಂಡಿಯ ಬದಿಯಲ್ಲೇ. ಹೀಗೆ ಒಳಬಂದ ರೋಗಾಣುವಿಗೆ ಕಟ್ಟಿದ ಮನೆ ಸಿದ್ಧವಾಗಿರುತ್ತದೆ. ಮುಂದೆ ನೀರು ರಭಸದಿಂದ ನುಗ್ಗಿದಾಗ ಗೂಡಿನ ತುಣುಕು ಕಿತ್ತು ಬಂದು ಕೊಡಕ್ಕೆ ಬೀಳುತ್ತದೆ. ನಳದ ಕೊನೆಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು ಎಂಬುದು ಭಾರತೀಯ ಮಾನಕ. ಗೂಡಿನ ಅಂಟು ಆ ಕ್ಲೋರಿನ್ನನ್ನೇ ತಿಂದುಹಾಕುತ್ತದೆ. ಆದ್ದರಿಂದಲೇ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿಯುವುದೊಂದೇ ಸಾಲದು. ಟ್ಯಾಂಕಿನೊಳಗೆ ಇಳಿದು ಗೋಡೆ ತಿಕ್ಕಲೇಬೇಕು. ಅದು ಹಂಗಿನ ಕೆಲಸವಲ್ಲ, ಗ್ರಾಮ ಪಂಚಾಯಿತಿಯನ್ನು ಕೇಳಿ ಮಾಡಿಸಿಕೊಳ್ಳಬೇಕಾದ ಕೆಲಸ.

ಹಳೆಯ ಸೀರೆಯ ಅಂಚನ್ನು ಮಡಚಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುವ ರೂಢಿ ನಮ್ಮ ಅಮ್ಮಂದಿರಿಗೆ ಇತ್ತು. ಕೆಲವರಿಗೆ ಅದು ಹಳೇಕಾಲದ ಮಡಿ ಅನ್ನಿಸಬಹುದು. ರೀಟಾ ಕಾಲ್ವೆಲ್ ಎಂಬ ಅಮೆರಿಕದ ವಿಜ್ಞಾನಿ ತಮ್ಮ ಸಂಗಡಿಗರ ಜೊತೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷೆಗೆ ಇಟ್ಟರು. ಹಳೆಯ ಸೀರೆಯನ್ನು ಮಡಚಿ ಮಡಚಿ ನೀರು ಸೋಸಿಕೊಂಡ ಹಳ್ಳಿಗಳಲ್ಲಿ ಕಾಲರಾ ಶೇ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಸೀರೆಯ ಎಳೆಗಳ ನಡುವಿನ ಸಂದಿಯಲ್ಲಿ ಒಂಟಿ ಬ್ಯಾಕ್ಟೀರಿಯಾ ಸಲೀಸಾಗಿ ದಾಟಿ ಹೋಗುತ್ತದೆ. ಆದರೆ ಕಾಲರಾದ ರೋಗಾಣು ನೀರಿನ ಸಣ್ಣ ಹುಳುಗಳ ಮೈಮೇಲೆ ಗುಂಪುಗೂಡಿ ಅಂಟಿಕೊಂಡು ಇರುತ್ತದೆ, ಹುಳು ಸೀರೆಯಲ್ಲಿ ನಿಲ್ಲುತ್ತದೆ. ಲೋಳೆಗೂಡಿನ ಗುಟ್ಟು ತಿಳಿಯದೆಯೇ ನಮ್ಮ ಹೆಣ್ಣುಮಕ್ಕಳು ಅದನ್ನು ಹಿಡಿದು ಹಾಕುತ್ತಿದ್ದರು.

ಇನ್ನು ಕೊಡದಿಂದ ಹೊಟ್ಟೆಗೆ ಬರೋಣ.

ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೆಸರು ನೀವು ಕೇಳಿರಬಹುದು. ಅದರಲ್ಲಿ ಹಲವು ಬಳಗಗಳಿವೆ. ಒಂದು ಬಳಗ ಮಕ್ಕಳ ಕರುಳಿನ ಗೋಡೆಗೆ ಅಂಟಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಸಾಲುಗಟ್ಟಿ, ಮೇಲೆ ದಪ್ಪ ಲೋಳೆ ಹೊದೆಯುತ್ತದೆ. ಇದರಿಂದ ಬರುವ ಭೇದಿ ಎರಡು ದಿನಕ್ಕೆ ನಿಲ್ಲುವುದಿಲ್ಲ, ಎರಡು ವಾರ ಎಳೆಯುತ್ತದೆ. ಮಗು ಸಣಕಲಾಗುತ್ತದೆ, ಸಣಕಲಾದ ಮಗುವಿಗೆ ಮತ್ತೆ ಭೇದಿ ಹಿಡಿಯುತ್ತದೆ. ಈ ಬಳಗಕ್ಕೂ ಭಾರತದ ಹಳ್ಳಿಗಾಡಿನ ಮಕ್ಕಳ ದೀರ್ಘ ಭೇದಿಗೂ ಇರುವ ನಂಟನ್ನು 1989ರಲ್ಲಿ ತೋರಿಸಿದವರು ದೆಹಲಿಯ ಮಕ್ಕಳ ವೈದ್ಯ ಮಹಾರಾಜ್ ಕಿಶನ್ ಭಾನ್ ಮತ್ತು ಅವರ ಸಂಗಡಿಗರು. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮಗುವಿಗೆ ಭೇದಿ ಶುರುವಾದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಔಷಧದ ಅಂಗಡಿಗೆ ಓಡುತ್ತೇವೆ. 'ಕೂಸಿಗೆ ಸಂಡಾಸ ಹತ್ಯಾವ, ನಿಂದ್ರೂ ಹಂಗ ಏನರ ಕೊಡ್ರಿ' ಅನ್ನುತ್ತೇವೆ. ಎರಡು ದಿನದ ಆ್ಯಂಟಿಬಯಾಟಿಕ್ ಸಿಗುತ್ತದೆ. ಮಕ್ಕಳ ಭೇದಿಯಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು, ಆ್ಯಂಟಿಬಯಾಟಿಕ್ಕಿಗೆ ಅಲ್ಲಿ ಕೆಲಸವೇ ಇಲ್ಲ. ಭೇದಿ ತಾನಾಗಿ ನಿಲ್ಲುತ್ತದೆ, ಹೆಸರು ಔಷಧಕ್ಕೆ ಬರುತ್ತದೆ. ಈ ನಡುವೆ ಕರುಳಿನಲ್ಲಿ ಸುಮ್ಮನೆ ಕೂತಿದ್ದ ಕೋಟ್ಯಂತರ ಬ್ಯಾಕ್ಟೀರಿಯಾಗಳ ಪೈಕಿ ಸಾಯುವವು ಸತ್ತು, ಔಷಧವನ್ನು ತಾಳಿಕೊಂಡವು ಮಾತ್ರ ಉಳಿದು ಬೆಳೆಯುತ್ತವೆ. ಮುಂದೊಂದು ದಿನ ಅದೇ ಮಗುವಿಗೆ ರಕ್ತದ ಸೋಂಕು ತಗಲಿದಾಗ ವೈದ್ಯರ ಕೈಯಲ್ಲಿ ಔಷಧ ಉಳಿದಿರುವುದಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ತೀರಿಕೊಂಡರೆಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಲೆಕ್ಕ ಹಾಕಿದೆ.

ಈಗ ಭೇದಿಗೂ ಈ ಪ್ರತಿರೋಧಕ್ಕೂ ನಂಟಿರುವ ಸತುವಿನ ಮಾತಿಗೆ ಬರುತ್ತೇನೆ. ಸತು ಅಂದರೆ ನಮ್ಮ ರೈತರು ಜಿಂಕ್ ಅನ್ನುವ ಅದೇ ಲೋಹ. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ಅಜ್ಜಿಯ ಬಿಂದಿಗೆಯಲ್ಲಿ ಅದಿದೆ. ತುಕ್ಕು ಹಿಡಿಯದ ಹಾಗೆ ಚಾವಣಿಯ ತಗಡಿಗೆ ಬಳಿಯುವುದೂ ಅದನ್ನೇ. ಕೂಸಿನ ಸೊಂಟದ ಕೆಂಪಿಗೆ ಹಚ್ಚುವ ಬಿಳಿ ಮುಲಾಮಿನಲ್ಲೂ ಅದೇ ಇದೆ. ಬೆಳೆದ ಮನುಷ್ಯನ ಮೈಯಲ್ಲಿ ಒಟ್ಟು ಸತು ಎರಡು ಗ್ರಾಮಿನಷ್ಟು. ಅಷ್ಟರಲ್ಲೇ ಮುನ್ನೂರಕ್ಕೂ ಹೆಚ್ಚು ಕಿಣ್ವಗಳು ನಡೆಯುತ್ತವೆ. ಕರುಳಿನ ಒಳಪದರ ದಿನದಿನವೂ ಸವೆದು ಹೊಸದಾಗುತ್ತದೆ, ಅದಕ್ಕೆ ಸತು ಬೇಕು. ರೋಗದ ವಿರುದ್ಧ ಕಾದಾಡುವ ಬಿಳಿ ರಕ್ತಕಣ ಬಲಿಯುವುದಕ್ಕೂ ಬೇಕು. ಭೇದಿಯಾದಾಗ ನೀರಿನ ಜೊತೆ ಸತುವೂ ಹರಿದು ಹೋಗುತ್ತದೆ. ಅದನ್ನು ಕೂಡಿಡಲು ಮೈಯಲ್ಲಿ ಹಗೇವು ಇಲ್ಲ. ಇವತ್ತಿನದು ಇವತ್ತೇ ಉಣಿಸಬೇಕು.

ಮನುಷ್ಯನಿಗೆ ಸತುವಿನ ಕೊರತೆ ಬರಬಹುದು ಎಂದೇ ಒಂದು ಕಾಲದಲ್ಲಿ ಯಾರೂ ನಂಬಿರಲಿಲ್ಲ. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜಿನಲ್ಲಿ ಕೆಲಸಕ್ಕಿದ್ದಾಗ 21 ವರ್ಷದ ರೋಗಿಯೊಬ್ಬ ಬಂದ. ನೋಡಿದರೆ ಹತ್ತು ವರ್ಷದ ಹುಡುಗನಂತೆ ಇದ್ದ. ತಿನ್ನುತ್ತಿದ್ದುದು ಬರೀ ಗೋಧಿ ರೊಟ್ಟಿ, ಜೊತೆಗೆ ಜೇಡಿಮಣ್ಣು. ಇದಕ್ಕೆ ಕಾರಣ ಸತುವಿನ ಕೊರತೆ ಇರಬಹುದೆಂದು ಪ್ರಸಾದ್ 1961ರಲ್ಲಿ ಬರೆದರು. ಈಜಿಪ್ಟಿಗೆ ಹೋಗಿ ಅದನ್ನು ಗಟ್ಟಿಮಾಡಿಕೊಂಡರು. ಬಹುಕಾಲ ಒಪ್ಪದವರೇ ಹೆಚ್ಚಾಗಿದ್ದರು.

ಈ ಕಥೆ ಓದಿದಾಗಲೆಲ್ಲ ನನಗೆ ನಮ್ಮ ಹೊಲ ನೆನಪಾಗುತ್ತದೆ. ಮಾನ್ವಿ, ಸಿರವಾರದ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರನ್ನು ಕೇಳಿ. ನಾಟಿ ಮಾಡಿದ ಎರಡು ಮೂರು ವಾರಕ್ಕೆ ಎಲೆಯ ಮೇಲೆ ಕಂದು ತುಕ್ಕಿನ ಚುಕ್ಕೆ ಬಿದ್ದು ಪೈರು ಗಿಡ್ಡಾಗಿ ನಿಂತರೆ 'ಜಿಂಕ್ ಕಡಿಮೆ ಬಿದ್ದದ' ಅನ್ನುತ್ತಾರೆ. ಇದು ರೋಗವಲ್ಲ, ಸತುವಿನ ಕೊರತೆ ಎಂದು 1966ರಲ್ಲಿ ಪಂತನಗರದ ಡಾ. ವೈ. ಎಲ್. ನೆನೆ ಕಂಡುಹಿಡಿದರು. ಎರೆಮಣ್ಣಿನಲ್ಲಿ ಸುಣ್ಣದ ಅಂಶ, ಕ್ಷಾರ ಹೆಚ್ಚು. ಸತು ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗದಂತೆ ಗಂಟುಬೀಳುತ್ತದೆ. ಗದ್ದೆಯಲ್ಲಿ ನೀರು ನಿಂತರೆ ಗಂಟು ಇನ್ನೂ ಬಿಗಿ. ಅದಕ್ಕೆ ರೈತರು ಎಕರೆಗೆ ಹತ್ತು ಕಿಲೋ ಜಿಂಕ್ ಸಲ್ಫೇಟ್ ಹಾಕುತ್ತಾರೆ. ಭತ್ತ ಹಸಿರಾಗುತ್ತದೆ. ಪೈರಿಗೆ ಬಂದ ಕೊರತೆಯನ್ನು ಎಲೆ ನೋಡಿ ಹೇಳುವ ರೈತ, ಮನೆಯ ಕೂಸಿಗೆ ಅದೇ ಕೊರತೆ ಬಂದರೆ ಹೇಗೆ ಗುರುತಿಸಬೇಕು? ಕೂಸಿನ ಮೈಮೇಲೆ ಚುಕ್ಕೆ ಬೀಳುವುದಿಲ್ಲ. ಅದು ಗಿಡ್ಡಾಗುತ್ತದೆ, ಪದೇ ಪದೇ ಭೇದಿಗೆ ಬೀಳುತ್ತದೆ, ಅಷ್ಟೇ.

ಊಟದ ತಾಟಿನಲ್ಲೂ ಗಂಟಿದೆ. ಜೋಳದಲ್ಲಿ, ಬೇಳೆಯಲ್ಲಿ ಸತು ಇದೆ, ಆದರೆ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಂಡು ಕರುಳಿಗೆ ಬಿಡುವುದಿಲ್ಲ. ಇದೇ ಕಾರಣಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ, ಹೆಂಗಸರಿಗೆ 13.2 ಮಿಲಿಗ್ರಾಂ ಸತು ಬೇಕೆಂದು ಮಟ್ಟವನ್ನು ಎತ್ತರಕ್ಕೇ ಇಟ್ಟಿತು. ಮೊಳಕೆ ಬರಿಸಿದರೆ, ಅಂಬಲಿಯನ್ನು ಹುಳಿಹಿಡಿಸಿದರೆ ಫೈಟೇಟ್ ಇಳಿಯುತ್ತದೆ. ನಮ್ಮ ಹುಳಿ ಅಂಬಲಿ ಬಡವರ ಊಟವೆಂದು ಹೀಗಳೆಯಬೇಕಾದ್ದಲ್ಲ. ಶೇಂಗಾ, ಎಳ್ಳು, ಮೊಟ್ಟೆ, ಮಾಂಸ ಇವುಗಳಲ್ಲಿ ಸತು ಚೆನ್ನಾಗಿದೆ. ಕಾಲುವೆ ಬಂದ ಮೇಲೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ತಾಟಿನಲ್ಲಿ ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ ಬಂತು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸತು ಬಹಳ ಕಡಿಮೆ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ 2016ರಲ್ಲಿ ಹೆಚ್ಚು ಸತುವಿರುವ ಡಿಆರ್‌ಆರ್ ಧಾನ್ 45 ಎಂಬ ತಳಿಯನ್ನೂ, ಪರಭಣಿಯ ಕೃಷಿ ವಿಶ್ವವಿದ್ಯಾಲಯ 2018ರಲ್ಲಿ ಪರಭಣಿ ಶಕ್ತಿ ಎಂಬ ಜೋಳವನ್ನೂ ಬಿಡುಗಡೆ ಮಾಡಿವೆ. ಬೀಜ ಕೇಳುವಾಗ ಇಳುವರಿಯ ಜೊತೆ ಇದನ್ನೂ ಕೇಳಿ ಎಂದು ರೈತಬಾಂಧವರಲ್ಲಿ ಬೇಡಿಕೊಳ್ಳುತ್ತೇನೆ.

ಸತುವಿಗೂ ಲೋಳೆಗೂಡಿಗೂ ಏನು ಸಂಬಂಧ? ಇಲ್ಲಿ ವಿಷಯ ನೇರವಾಗಿಲ್ಲ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಸತು ನಮಗೆ ಬೇಕಾದಂತೆ ರೋಗಾಣುವಿಗೂ ಬೇಕು. ಒಂದೇ ಬಾವಿಗೆ ಎರಡು ಕೊಡ ಇಳಿದಂತೆ. ಮೈಯಲ್ಲಿ ಸೋಂಕು ಆದಾಗ ನಮ್ಮ ಬಿಳಿ ರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಸುರಿಸಿ ಸುತ್ತಲಿನ ಸತುವನ್ನೆಲ್ಲ ಬಾಚಿ ಇಟ್ಟುಕೊಳ್ಳುತ್ತವೆ; ರೋಗಾಣು ಉಪವಾಸ ಬೀಳುತ್ತದೆ. ಇನ್ನೊಂದು ಬಗೆಯ ರಕ್ಷಕ ಕಣ ಇದಕ್ಕೆ ತಲೆಕೆಳಗು. ಕ್ಷಯದ ರೋಗಾಣುವನ್ನು ನುಂಗಿ, ಅದರ ಮೇಲೆ ಅತಿಯಾಗಿ ಸತು ಸುರಿದು ವಿಷವಾಗಿಸುತ್ತದೆ. ಅಂದರೆ ಹಸಿವಿಗೆ ಕೆಡಹುವುದೂ ಸತುವಿನಿಂದಲೇ, ಅಜೀರ್ಣಕ್ಕೆ ಕೆಡಹುವುದೂ ಸತುವಿನಿಂದಲೇ. ನಮ್ಮ ಮೈಗೆ ಈ ಎರಡೂ ಪಟ್ಟು ಗೊತ್ತು.

ಪ್ರಯೋಗಾಲಯಗಳಲ್ಲಿ ಕಂಡದ್ದೂ ಹೀಗೇ ಎರಡು ಮುಖದ್ದು. ಚರ್ಮದ ಮೇಲಿರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಗೂಡು ಕಟ್ಟುವಾಗ ಒಂದು ಕಣ ಇನ್ನೊಂದರ ಕೈ ಹಿಡಿಯುತ್ತದೆ. ಆ ಎರಡು ಕೈಗಳ ನಡುವಿನ ಗುಂಡಿ ಸತುವೇ ಎಂದು 2008ರಲ್ಲಿ ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ತೋರಿಸಿದರು. ಸತುವನ್ನು ಕಿತ್ತುಕೊಂಡರೆ ಅಲ್ಲಿ ಗೂಡು ನಿಲ್ಲುವುದಿಲ್ಲ. ಆದರೆ 2013ರಲ್ಲಿ ಕೆನಡಾದಲ್ಲಿ ಹಂದಿಗಳ ರೋಗಾಣುಗಳ ಮೇಲೆ ನಡೆದ ಪ್ರಯೋಗದಲ್ಲಿ, ಕೊಲ್ಲಲೂ ಸಾಲದಷ್ಟು ಸಣ್ಣ ಪ್ರಮಾಣದ ಸತು ಕೊಟ್ಟಾಗಲೇ ಗೂಡು ಕಟ್ಟುವುದು ನಿಂತಿತು. ಆಗಲೇ ಹೇಳಿದ ಇಟ್ಟಿಗೆ ಸಾಲಿನ ಇ. ಕೋಲಿಯ ಮೇಲೂ ಹಾಗೇ: ಸತು ಸಿಕ್ಕಿದಾಗ ಅದರ ಅಂಟುವ ಶಕ್ತಿ, ಗೂಡು ಕಟ್ಟುವ ಶಕ್ತಿ ಎರಡೂ ಕುಗ್ಗುತ್ತವೆ. ಸತುವಿಲ್ಲದ ಆಹಾರ ತಿಂದ ಇಲಿಗಳಲ್ಲಿ ಅದೇ ರೋಗಾಣು ಬಲಿಯಿತು.

ಅಮೆರಿಕದ ಬಫಲೊ ನಗರದ ಜಾನ್ ಕ್ರೇನ್ ಮತ್ತು ಸಂಗಡಿಗರು ಕಂಡದ್ದು ನನಗೆ ಎಲ್ಲಕ್ಕಿಂತ ಸೋಜಿಗ. ಕೆಲವು ಆ್ಯಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಪೆಟ್ಟು ಬಿದ್ದಕೂಡಲೆ ಅದು ಕಾಪಾಡಿ ಕಾಪಾಡಿ ಎಂದು ಕೂಗಿದಂತೆ ಒಂದು ತುರ್ತು ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಹರಿದ ಡಿಎನ್‌ಎಯನ್ನು ಗಡಿಬಿಡಿಯಲ್ಲಿ ಹೊಲಿಯುತ್ತದೆ. ಗಡಿಬಿಡಿಯ ಹೊಲಿಗೆಯಲ್ಲಿ ತಪ್ಪು ಹೆಚ್ಚು, ಆ ತಪ್ಪುಗಳಲ್ಲೇ ಔಷಧವನ್ನು ಸೋಲಿಸುವ ಹೊಸ ರೂಪ ಹುಟ್ಟುತ್ತದೆ. ಅಂದರೆ ಕೊಲ್ಲಲು ಕೊಟ್ಟ ಔಷಧವೇ ಅದಕ್ಕೆ ಪಾಠ ಹೇಳುತ್ತದೆ. ಈ ಕೂಗಿಗೆ ಓಗೊಡುವ ರೆಕ್‌ಎ ಎಂಬ ಪ್ರೋಟೀನನ್ನು ಸತು ತಡೆಯುತ್ತದೆ, ಹಾಗಾಗಿ ಪ್ರಯೋಗದ ಬಟ್ಟಲಿನಲ್ಲಿ ಪ್ರತಿರೋಧ ಹುಟ್ಟುವುದು ಕಡಿಮೆಯಾಯಿತು ಎಂದು ಅವರು 2017ರಲ್ಲಿ ಪ್ರಕಟಿಸಿದರು. ಬಟ್ಟಲಿನಲ್ಲಿ ಕಂಡದ್ದು ಮಗುವಿನ ಕರುಳಿನಲ್ಲೂ ಅಷ್ಟೇ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ದಾರಿ ಯಾವ ಕಡೆಗಿದೆ ಎಂಬುದು ಕಾಣುತ್ತದೆ.

ಇಷ್ಟು ಕೇಳಿ ಸತುವನ್ನು ಕೈತುಂಬ ತಿನ್ನಲು ಹೋಗಬೇಡಿ. ಬ್ಯಾಕ್ಟೀರಿಯಾಗಳು ತಯಾರಿಸುವ, ನವದೆಹಲಿಯ ಹೆಸರು ಹೊತ್ತ ಎನ್‌ಡಿಎಮ್-1 ಎಂಬ ಕಿಣ್ವ ನಿಮಗೆ ನೆನಪಿರಬಹುದು. ಕೊನೆಯ ಅಸ್ತ್ರದಂತಿದ್ದ ಕಾರ್ಬಪೆನೆಮ್ ಔಷಧಗಳನ್ನೂ ಅದು ತುಂಡರಿಸುತ್ತದೆ. ಅದರ ಕತ್ತರಿಯ ಎರಡು ಅಲಗುಗಳೂ ಸತುವಿನವೇ; ಎರಡು ಸತುವಿನ ಅಯಾನುಗಳನ್ನು ಕಿತ್ತರೆ ಕತ್ತರಿ ಮೊಂಡು. ಆ ಸತುವನ್ನು ಕೀಳುವ ಒಂದು ಶಿಲೀಂಧ್ರದ ವಸ್ತುವನ್ನು 2014ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಹಾಗೆಯೇ ಯೂರೋಪಿನಲ್ಲಿ ಹಂದಿಮರಿಗಳ ಭೇದಿ ತಡೆಯಲು ಮೇವಿಗೆ ಸತುವಿನ ಆಕ್ಸೈಡನ್ನು ಭಾರಿ ಪ್ರಮಾಣದಲ್ಲಿ ಬೆರೆಸುತ್ತಿದ್ದರು. ಭೇದಿ ನಿಂತಿತು, ಆದರೆ ಸತುವನ್ನು ತಾಳಿಕೊಳ್ಳುವ ವಂಶವಾಹಿ ಇದ್ದ ಬ್ಯಾಕ್ಟೀರಿಯಾಗಳು ಉಳಿದವು. ಅದರ ಜೊತೆಗೇ ಆ್ಯಂಟಿಬಯಾಟಿಕ್ ಸೋಲಿಸುವ ವಂಶವಾಹಿಯೂ ಸಾಗಿ ಬಂತು. ಸಗಣಿಯ ಗೊಬ್ಬರದ ಮೂಲಕ ಸತು ಹೊಲಕ್ಕೂ ಸೇರಿತು. 2022ರ ಜೂನಿನಿಂದ ಯೂರೋಪಿಯನ್ ಒಕ್ಕೂಟ ಮೇವಿಗೆ ಹಾಗೆ ಬೆರೆಸುವುದನ್ನು ನಿಲ್ಲಿಸಿತು. ಹಾಗಾಗಿ ನನಗೆ ಸತುವಿನ ವಿಷಯದಲ್ಲಿ ಪವಾಡದ ಮಾತು ಹಿಡಿಸುವುದಿಲ್ಲ. ಉಪ್ಪಿನಂತೆ ಅದಕ್ಕೊಂದು ಹದ ಇದೆ. ಸತುವಿನ ಆಕ್ಸೈಡಿನ ನ್ಯಾನೊಕಣಗಳ ಬಗ್ಗೆಯೂ ದೇಶದ ತುಂಬ ಕೆಲಸ ನಡೆದಿದೆ, ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೂ ನ್ಯಾನೊತಂತ್ರಜ್ಞಾನದ ಕೇಂದ್ರವಿದೆ. ಗಾಯದ ಪಟ್ಟಿಗೆ, ಮೂತ್ರದ ನಳಿಕೆಯ ಲೇಪಕ್ಕೆ, ಆಹಾರದ ಪೊಟ್ಟಣಕ್ಕೆ ಅವು ಒಂದು ದಿನ ಒದಗಬಹುದು. ಆ ದಿನಕ್ಕಾಗಿ ಕಾಯುತ್ತ ಇವತ್ತು ಕೈಯಲ್ಲಿ ಇರುವುದನ್ನು ಮರೆಯಬಾರದು.

ಇವತ್ತು ಕೈಯಲ್ಲಿ ಇರುವುದು ಒಂದು ಸಣ್ಣ ಗುಳಿಗೆ.

ಡಾ. ಭಾನ್ ಹೆಸರು ನೆನಪಿಡಿ ಎಂದಿದ್ದೆ. ಕರುಳಿನಲ್ಲಿ ಇಟ್ಟಿಗೆ ಕಟ್ಟುವ ರೋಗಾಣುವಿನ ಬೆನ್ನು ಹತ್ತಿದ್ದ ಅವರು ಡಾ. ಸುನಿಲ್ ಸಜಾವಲ್, ಡಾ. ರಾಬರ್ಟ್ ಬ್ಲ್ಯಾಕ್ ಮುಂತಾದವರ ಜೊತೆ ಸೇರಿ ದೆಹಲಿಯ 937 ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಭೇದಿಯಾದ ಮಕ್ಕಳಲ್ಲಿ ಸತು ಪಡೆದವರಿಗೆ ಭೇದಿ ಮುಂದುವರಿಯುವ ಸಂಭವ ಶೇ 23ರಷ್ಟು ಇಳಿಯಿತು. 1995ರಲ್ಲಿ ಇದು ಪ್ರಕಟವಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಭೇದಿಯಾದ ಪ್ರತಿ ಮಗುವಿಗೂ ಓಆರ್‌ಎಸ್ ಎಂಬ ಉಪ್ಪು ಸಕ್ಕರೆಯ ನೀರಿನ ಜೊತೆ ಹತ್ತರಿಂದ ಹದಿನಾಲ್ಕು ದಿನ ಸತು ಕೊಡಿ ಎಂದು ಜಗತ್ತಿಗೆ ಹೇಳಿದವು. ಓಆರ್‌ಎಸ್‌ನ ಕಥೆಯೂ ನಮ್ಮವರದೇ: 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲಾನಬಿಸ್ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮಿನಲ್ಲಿ ಕಲಸಿ ಕುಡಿಸಿ ಜೀವ ಉಳಿಸಿದರು.

ಆ್ಯಂಟಿಬಯಾಟಿಕ್ ಪ್ರತಿರೋಧಕ್ಕೂ ಈ ಗುಳಿಗೆಗೂ ಇರುವ ನೇರ ನಂಟು ಪ್ರಯೋಗಾಲಯದ್ದಲ್ಲ, ಮನೆಯದು. ಬಾಂಗ್ಲಾದೇಶದಲ್ಲಿ ಹಳ್ಳಿಗಳಿಗೆ ಸತು ಮುಟ್ಟಿಸಿ ನೋಡಿದ ಅಧ್ಯಯನ 2004ರಲ್ಲಿ ಬಂತು, ಹರಿಯಾಣದ್ದು 2008ರಲ್ಲಿ. ಎರಡೂ ಕಡೆ ಓಆರ್‌ಎಸ್ ಬಳಕೆ ಏರಿತು, ಆ್ಯಂಟಿಬಯಾಟಿಕ್ ಬಳಕೆ ಇಳಿಯಿತು. ಕಾರಣ ನನಗೆ ಬಹಳ ಮನುಷ್ಯಸಹಜ ಅನ್ನಿಸುತ್ತದೆ. ಅಳುವ ಕೂಸನ್ನು ಎತ್ತಿಕೊಂಡ ತಾಯಿಗೆ ಬರೀ ಉಪ್ಪು ಸಕ್ಕರೆ ನೀರು ಕೊಟ್ಟು ಕಳಿಸಿದರೆ ಸಮಾಧಾನವಾಗುವುದಿಲ್ಲ. ಗುಳಿಗೆ ಬೇಕು. ಗುಳಿಗೆಯೇ ಬೇಕಾದರೆ ಈ ಗುಳಿಗೆ ಇರಲಿ. ಇದು ಅವಳ ಕೈಯಲ್ಲಿದ್ದರೆ ಬೇಡದ ಆ್ಯಂಟಿಬಯಾಟಿಕ್ ಮಗುವಿನ ಬಾಯಿಗೆ ಹೋಗುವುದಿಲ್ಲ. ಹೋಗದ ಔಷಧಕ್ಕೆ ರೋಗಾಣು ಪ್ರತಿರೋಧ ಕಲಿಯುವುದೂ ಇಲ್ಲ.

ಕೊಡುವ ಕ್ರಮ ಹೇಳುತ್ತೇನೆ, ಮನೆಯಲ್ಲಿ ಸಣ್ಣ ಮಕ್ಕಳಿರುವವರು ಕಿವಿಗೊಡಿ. ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಬಿಟ್ಟಿ ಸಿಗುತ್ತದೆ. ಗುಳಿಗೆ 20 ಮಿಲಿಗ್ರಾಮಿನದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೊಂದು, ಎರಡರಿಂದ ಆರು ತಿಂಗಳಿನ ಕೂಸಿಗೆ ಅರ್ಧ. ಹದಿನಾಲ್ಕು ದಿನ. ಒಂದು ಚಮಚೆ ಕಾಸಿ ಆರಿಸಿದ ನೀರಿನಲ್ಲಿ ಹಾಕಿದರೆ ತಾನೇ ಕರಗುತ್ತದೆ. ಸಣ್ಣ ಕೂಸಿಗಾದರೆ ತಾಯಿಯ ಹಾಲಿನಲ್ಲೇ ಕರಗಿಸಿ. ಕೆಲವು ಮಕ್ಕಳು ವಾಂತಿ ಮಾಡಿಕೊಳ್ಳಬಹುದು, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕೊಟ್ಟರೆ ತಡೆಯುತ್ತದೆ. ಎದೆಹಾಲು, ಊಟ ನಿಲ್ಲಿಸಬಾರದು. ವೈದ್ಯರು ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧ ಬರೆದಿದ್ದರೆ ಅದನ್ನೂ ಸತುವನ್ನೂ ಒಟ್ಟಿಗೆ ಕೊಡಬೇಡಿ, ಹೊಟ್ಟೆಯಲ್ಲಿ ಸತು ಅದನ್ನು ಕಟ್ಟಿಹಾಕುತ್ತದೆ; ನಡುವೆ ಎಷ್ಟು ತಾಸು ಬಿಡಬೇಕೆಂದು ವೈದ್ಯರನ್ನೇ ಕೇಳಿ. ಭೇದಿಯಲ್ಲಿ ರಕ್ತ ಕಂಡರೆ, ಗಂಜಿ ತಿಳಿಯಂಥ ಭೇದಿ ಎಡೆಬಿಡದೆ ಆದರೆ, ಕೂಸಿನ ಕಣ್ಣು ಗುಳಿಬಿದ್ದರೆ, ಕುಡಿಯಲು ಒಲ್ಲದೆ ಮಂಕಾದರೆ ಗುಳಿಗೆ ನಂಬಿ ಮನೆಯಲ್ಲಿ ಕೂರಬೇಡಿ, ಕೂಡಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥಲ್ಲಿ ಆ್ಯಂಟಿಬಯಾಟಿಕ್ ಬೇಕಾಗಬಹುದು, ವೈದ್ಯರು ಕೊಟ್ಟಷ್ಟು ದಿನ ಕೊಡಲೇಬೇಕು.

ಎಲ್ಲಕ್ಕಿಂತ ಕಷ್ಟದ್ದು ಈ ಹದಿನಾಲ್ಕು ದಿನ. ಭೇದಿ ಮೂರನೇ ದಿನಕ್ಕೆ ನಿಲ್ಲುತ್ತದೆ, ಗುಳಿಗೆಯ ಪಟ್ಟಿ ದೇವರ ಗೂಡಿನ ಮೂಲೆ ಸೇರುತ್ತದೆ. ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಾನು ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಮನೆಮನೆಗೆ ಹೋಗಿದ್ದಾಗ ಒಬ್ಬ ಅಜ್ಜಿ ಕೇಳಿದಳು: 'ಸಂಡಾಸ ನಿಂತಾವಲ್ಲವ್ವಾ, ಇನ್ನ ಗುಳಿಗಿ ಯಾಕ?' ಆ ಹೆಣ್ಣುಮಗಳು ವಿಜ್ಞಾನದ ಒಂದು ಮಾತನ್ನೂ ಆಡಲಿಲ್ಲ. 'ಯಮ್ಮಾ, ಭತ್ತಕ್ಕ ಜಿಂಕ್ ಹಾಕಿದ್ಮ್ಯಾಲ ಎಲಿ ಹಸುರಾತಂತ ನೀರು ಬಿಡಾದು ನಿಲ್ಲಿಸ್ತೀಯೇನು? ತೆನಿ ಬರೂತನ ಕಾಯಂಗಿಲ್ಲೇನು? ಇನ್ನ ಮೂರು ತಿಂಗಳು ಕೂಸಿಗೆ ಮತ್ತ ಸಂಡಾಸ ಹತ್ತಬಾರದಂದ್ರ ಇಷ್ಟೂ ಮುಗಿಸಬೇಕು' ಅಂದಳು. ಅಂದು, ಚೀಲದಿಂದ ಸುಣ್ಣದ ಕಡ್ಡಿ ತೆಗೆದು ಬಾಗಿಲ ಚೌಕಟ್ಟಿನ ಮೇಲೆ ಹದಿನಾಲ್ಕು ಗೆರೆ ಎಳೆದಳು. ಅವುಗಳಲ್ಲಿ ನಾಲ್ಕನ್ನು ಅಡ್ಡ ಹೊಡೆದಳು. ಉಳಿದ ಹತ್ತನ್ನು ದಿನಕ್ಕೊಂದರಂತೆ ಹೊಡೆಯುವ ಕೆಲಸವನ್ನು ಅಜ್ಜಿಗೆ ಒಪ್ಪಿಸಿ, ಮುಂದಿನ ಮನೆಯ ಕೊಡದೊಳಗೆ ಬೆರಳಾಡಿಸಿ ನೋಡಲು ಹೊರಟಳು.